ಒಂದನೇ ವಿಧದ ಮಧುಮೇಹವುಳ್ಳವರ ವ್ಯಾಯಾಮ ಹಾಗೂ ಕ್ರೀಡೆ: ಸಾರ್ವಜನಿಕರಿಗೆ ಮಾಹಿತಿ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಮಗುವಿಗೆ ಒಂದನೇ ವಿಧದ ಮಧುಮೇಹವಿದೆಯೆಂದು ತಿಳಿದೊಡನೆ ಕೆಲವು ಪೋಷಕರು ಆಟದ ಅವಧಿಯಿಂದ ವಿನಾಯಿತಿ ಕೋರಿ ವೈದ್ಯಕೀಯ ಪ್ರಮಾಣಪತ್ರ ಕೇಳುವುದುಂಟು. ಬಹುತೇಕ ಸಂದರ್ಭಗಳಲ್ಲಿ ಇದರ ಅಗತ್ಯವಿರುವುದಿಲ್ಲ. ಪಾಕಿಸ್ತಾನದ ಬೌಲರ್ ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಇನ್ಸುಲಿನ್ ಪಡೆಯುತ್ತಲೇ ಆಟ ಮುಂದುವರಿಸಿದ ಅವರು 2003ರ ವಿಶ್ವಕಪ್‌ನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ಪಡೆದರು.

ಆರೋಗ್ಯವಂತರ ದೇಹವು ಓಡುವಾಗ ಇನ್ಸುಲಿನ್ ಪ್ರಮಾಣವನ್ನು ತಾನಾಗಿಯೇ ತಗ್ಗಿಸುತ್ತದೆ. ಚುಚ್ಚುಮದ್ದಿನ ಮೂಲಕ ಒಳಸೇರಿದ ಇನ್ಸುಲಿನ್ನನ್ನು ಹಾಗೆ ತಗ್ಗಿಸಲಾಗದು. ಸ್ನಾಯುಗಳೂ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ರಕ್ತದ ಸಕ್ಕರೆ ಬೇಗನೆ ಕುಸಿಯುತ್ತದೆ. ಆದುದರಿಂದ ಆಟಕ್ಕೆ ಮುನ್ನ ಗ್ಲೂಕೋಮೀಟರ್‌ನಿಂದ ಪರೀಕ್ಷಿಸಿಕೊಳ್ಳತಕ್ಕದ್ದು. ಸಾಮಾನ್ಯವಾಗಿ 126ರಿಂದ 180 ಮಿಲಿಗ್ರಾಂ ಸೂಕ್ತ ಮಟ್ಟವಾಗಿರುತ್ತದೆ. 90ಕ್ಕಿಂತ ಕಡಿಮೆಯಿದ್ದಲ್ಲಿ ಬಾಳೆಹಣ್ಣು ಮುಂತಾದುದನ್ನು ತಿಂದು, ಸಕ್ಕರೆ ಏರಿದ ನಂತರ ಆರಂಭಿಸಬೇಕು. 270 ಮೀರಿದ್ದು ಮೂತ್ರದಲ್ಲಿ ಕೀಟೋನ್ ಕಂಡುಬಂದಲ್ಲಿ ವ್ಯಾಯಾಮ ಮಾಡದೆ ವೈದ್ಯರನ್ನು ಕಾಣತಕ್ಕದ್ದು. ಓಡುವ ಮುನ್ನ ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡರೆ ಅದು ಬೇಗ ಹೀರಲ್ಪಡುವುದರಿಂದ ಹೊಟ್ಟೆಯ ಭಾಗವೇ ಲೇಸು.

ಬೆವರು, ನಡುಕ, ತೀವ್ರ ಹಸಿವು, ಮಂಕುತನ ಕಂಡಲ್ಲಿ ಆಟ ನಿಲ್ಲಿಸಿ ಪರೀಕ್ಷಿಸಿಕೊಳ್ಳಬೇಕು. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷಗಳ ನಂತರ ಪುನಃ ಪರೀಕ್ಷಿಸಬೇಕು. ಬೆವರಿದ್ದು ಬಿಸಿಲಿಗೋ ಸಕ್ಕರೆ ಕುಸಿದುದಕ್ಕೋ ಎಂಬುದು ಕಡೂರಿನ ಬೇಸಿಗೆಯಲ್ಲಿ ಸುಲಭವಾಗಿ ತಿಳಿಯುವುದಿಲ್ಲ. ಮೀಟರ್ ಕೈಗೆ ಸಿಗದಿದ್ದರೆ ಸಕ್ಕರೆ ನೀರು ಕುಡಿಯುವುದೇ ಕ್ಷೇಮ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡತಕ್ಕದ್ದು.

ಜನರು ಮರೆಯುವ ಅಂಶವೊಂದಿದೆ. ಸಂಜೆ ಕಬಡ್ಡಿ ಆಡಿದವರಿಗೆ, ದಿನವಿಡೀ ತೆಂಗು-ಅಡಿಕೆ ತೋಟದಲ್ಲಿ ದುಡಿದವರಿಗೆ, ಕೆಮ್ಮಣ್ಣುಗುಂಡಿಯ ಬೆಟ್ಟ ಹತ್ತಿ ಬಂದವರಿಗೆ ಅದೇ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಕುಸಿಯಬಹುದು. ಅಂತಹ ದಿನ ಮಲಗುವ ಮುನ್ನವೂ, ಸಾಧ್ಯವಾದಲ್ಲಿ ಮಧ್ಯರಾತ್ರಿಯೂ ಪರೀಕ್ಷಿಸಬೇಕು. ಇನ್ಸುಲಿನ್ ಎಷ್ಟು ತಗ್ಗಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಯಾವ ಕಾರಣಕ್ಕೂ ಅದನ್ನು ಪೂರ್ಣವಾಗಿ ನಿಲ್ಲಿಸತಕ್ಕದ್ದಲ್ಲ.

ಇಂತಹ ಮಕ್ಕಳಿಗೆ ತರಗತಿಯಲ್ಲಿಯೇ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ಪಡೆಯಲು ಹಾಗೂ ತಿಂಡಿ ತಿನ್ನಲು ಅವಕಾಶ ನೀಡುವಂತೆ, ವೈದ್ಯರು ಸೂಚಿಸಿದಲ್ಲಿ ಆಟಕ್ಕೂ ಸೇರಿಸುವಂತೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಪೋಷಕರು ವಿನಾಯಿತಿ ಪ್ರಮಾಣಪತ್ರದ ಬದಲು, ಯಾವಾಗ ಏನು ಮಾಡಬೇಕೆಂಬ ವೈದ್ಯರ ಲಿಖಿತ ಸೂಚನೆ ಪಡೆದು ದೈಹಿಕ ಶಿಕ್ಷಕರಿಗೆ ನೀಡಬಹುದು. ಗ್ಲೂಕೋಸ್ ಪೊಟ್ಟಣ ಮಗುವಿನ ಜೇಬಿನಲ್ಲಿಯೇ ಇರಲಿ, ಕೊಠಡಿಯ ಬೀರುವಿನಲ್ಲಿ ಬೇಡ.

ಸಲಹೆಗಾಗಿ ಕಡೂರು, ತರೀಕೆರೆ ಅಥವಾ ಅಜ್ಜಂಪುರದ ಸರ್ಕಾರಿ ಆಸ್ಪತ್ರೆಗೆ ತೆರಳುವವರು ಹಿಂದಿನ ಔಷಧ ಚೀಟಿ ಹಾಗೂ ಕನಿಷ್ಠ ಒಂದು ವಾರದ ಸಕ್ಕರೆ ಪ್ರಮಾಣ, ಊಟ, ಇನ್ಸುಲಿನ್ ಮತ್ತು ಆಟದ ವಿವರಗಳನ್ನು ಜಮಾ-ಖರ್ಚಿನಂತೆ ದಿನವಹಿ ಬರೆದ ಪುಸ್ತಕವನ್ನು ತಪ್ಪದೆ ತರಲು ಕೋರಲಾಗಿದೆ.