ಕಾಯಕದ ಫಲ, ಭಂಡಾರದ ಲೆಕ್ಕ: ಜನಹೋರಾಟಗಳನ್ನು ಶರಣರ ದೃಷ್ಟಿಯಲ್ಲಿ ಅರಿಯುವುದು ಹೇಗೆ?



ದುಡಿದ ವೇತನಕ್ಕಾಗಿ ಕಾರ್ಮಿಕರು ಕಾರ್ಖಾನೆಯ ಮುಂದೆ ಕುಳಿತಾಗ, ಭೂಮಿ ಉಳಿಸಿಕೊಳ್ಳಲು ರೈತರು ರಸ್ತೆಗಿಳಿದಾಗ, ಸದ್ಭಕ್ತರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಇಷ್ಟಲಿಂಗವನ್ನು ಧರಿಸಿ ಕಾಯಕನಿಷ್ಠರಾಗಿ ಬಾಳುವವರಿಗೆ ಬೀದಿಯ ಹೋರಾಟ ಒಪ್ಪುವಂಥದ್ದೇ? ಸಂಪತ್ತು ಕೆಲವೇ ಕೈಗಳಲ್ಲಿ ಸೇರುವುದು, ಹಾಗೆ ಸೇರಿದ ಸಂಪತ್ತು ಸರ್ಕಾರದ ತೀರ್ಮಾನಗಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು ಧರ್ಮ ವಿಚಾರಿಸಬೇಕಾದ ವಿಷಯವೇ, ಅಥವಾ ರಾಜಕೀಯ ಪಕ್ಷಗಳಿಗೆ ಬಿಟ್ಟುಬಿಡಬೇಕಾದ ವಿಷಯವೇ? ಕೋಲಾರ ಜಿಲ್ಲೆಯ ವೇಮಗಲ್ ಭಾಗದ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಅರಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಬದಲಾದ ವೇಮಗಲ್

ವೇಮಗಲ್ ಕೋಲಾರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ನದಿಯ ಆಸರೆಯಿಲ್ಲದ ಈ ಸೀಮೆಯಲ್ಲಿ ಜನ ಕೆರೆಗಳನ್ನೂ ಕೊಳವೆಬಾವಿಗಳನ್ನೂ ನಂಬಿ ರೇಷ್ಮೆ, ಹಾಲು, ಟೊಮೆಟೊ, ರಾಗಿಯಿಂದ ಬದುಕು ಕಟ್ಟಿಕೊಂಡವರು. ಕಳೆದ ಎರಡು ದಶಕಗಳಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳನ್ನು ರೂಪಿಸಿತು. ವಾಹನ, ಮೊಬೈಲ್ ಮತ್ತು ಬಿಡಿಭಾಗಗಳ ಕಾರ್ಖಾನೆಗಳು ಬಂದವು. ವೇಮಗಲ್ ಮತ್ತು ಕುರುಗಲ್ ಸೇರಿ ಪಟ್ಟಣ ಪಂಚಾಯಿತಿಯಾಗಿ, 2025ರ ಆಗಸ್ಟ್‌ನಲ್ಲಿ ಅದರ ಮೊದಲ ಚುನಾವಣೆಯೂ ನಡೆಯಿತು.

ಈ ಬದಲಾವಣೆಯಿಂದ ಒಳಿತಾಗಿಲ್ಲ ಎಂದು ನಾವು ಹೇಳುವುದಿಲ್ಲ. ಐಟಿಐ, ಡಿಪ್ಲೊಮಾ ಓದಿದ ಸಾವಿರಾರು ಯುವಕ ಯುವತಿಯರಿಗೆ ಊರಿನ ಸಮೀಪದಲ್ಲಿಯೇ ಕೆಲಸ ದೊರೆತಿದೆ. ಮೊದಲ ಬಾರಿಗೆ ತಮ್ಮ ಹೆಸರಿನ ಖಾತೆಗೆ ಸಂಬಳ ಪಡೆದ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಆದರೆ ಒಂದು ಹೊಲ ಕಾರ್ಖಾನೆಯಾಗುವಾಗ ಅದರ ಬೆಲೆಯನ್ನು ಯಾರು ನಿರ್ಧರಿಸುತ್ತಾರೆ, ಆ ಕಾರ್ಖಾನೆಯಲ್ಲಿ ದುಡಿಯುವವರ ಗಂಟೆಗಳನ್ನು ಯಾರು ಎಣಿಸುತ್ತಾರೆ, ಈ ತೀರ್ಮಾನಗಳು ಯಾರ ಎದುರು ಆಗುತ್ತವೆ ಎಂಬ ಪ್ರಶ್ನೆಗಳು ಉಳಿದೇ ಇವೆ.

ಕೋಲಾರಕ್ಕೆ ಈ ಪ್ರಶ್ನೆ ಹೊಸದಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಕೆಜಿಎಫ್ ಗಣಿಗಳಿಂದ ಚಿನ್ನ ತೆಗೆಯಿತು. ಚಿನ್ನ ಹೊರಗೆ ಹೋಯಿತು. ಧೂಳು ಗಣಿಯಲ್ಲಿ ಇಳಿದವರ ಶ್ವಾಸಕೋಶಗಳಲ್ಲಿ ಉಳಿಯಿತು. 2001ರಲ್ಲಿ ಗಣಿ ಮುಚ್ಚಿದಾಗ ಅವರ ಮಕ್ಕಳು ಕೆಲಸಕ್ಕಾಗಿ ದಿನವೂ ಬೆಂಗಳೂರಿಗೆ ರೈಲು ಹಿಡಿಯಬೇಕಾಯಿತು. ಸಂಪತ್ತು ಹುಟ್ಟಿದ ನೆಲದಲ್ಲಿಯೇ ಸಂಪತ್ತು ಉಳಿಯುತ್ತದೆಂಬ ಭರವಸೆಯಿಲ್ಲ ಎಂಬುದನ್ನು ಈ ಜಿಲ್ಲೆ ಬಹಳ ಹಿಂದೆಯೇ ಕಂಡಿದೆ.

ನರಸಾಪುರ ಕಲಿಸಿದ ಪಾಠ

2020ರ ಡಿಸೆಂಬರ್ 12ರ ಮುಂಜಾನೆ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಅಸಮಾಧಾನ ಸ್ಫೋಟಗೊಂಡಿತು. ಗಾಜುಗಳು ಒಡೆದವು, ವಾಹನಗಳು ಉರುಳಿದವು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಆಪಲ್ ಕಂಪನಿಯ ಐಫೋನ್‌ಗಳನ್ನು ಜೋಡಿಸುತ್ತಿದ್ದ ಆ ಕಾರ್ಖಾನೆಯ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು.

ಮೊದಲ ದಿನಗಳಲ್ಲಿ ಎಲ್ಲರೂ ನಷ್ಟದ ಲೆಕ್ಕವನ್ನೇ ಮಾತನಾಡಿದರು. ಪೊಲೀಸ್ ದೂರಿನಲ್ಲಿ 437 ಕೋಟಿ ರೂಪಾಯಿ ಎಂದಿದ್ದ ನಷ್ಟ, ಕಂಪನಿಯ ಮುಂದಿನ ಹೇಳಿಕೆಯಲ್ಲಿ 26ರಿಂದ 52 ಕೋಟಿಗೆ ಇಳಿಯಿತು. ಬಳಿಕ ಇನ್ನೊಂದು ಲೆಕ್ಕವೂ ಹೊರಬಂದಿತು. ಸರ್ಕಾರಿ ಇಲಾಖೆಯ ತಪಾಸಣೆಯ ಪ್ರಕಾರ, ಅಲ್ಪ ಕಾಲದಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರ ಹಾಜರಾತಿ ಮತ್ತು ವೇತನದ ಲೆಕ್ಕವಿಡಲು ತಕ್ಕ ವ್ಯವಸ್ಥೆ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಹನ್ನೆರಡು ಗಂಟೆಯ ಪಾಳಿಯಲ್ಲಿ ದುಡಿದವರು. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವು ಕಾರ್ಮಿಕರ ವೇತನ ತಡವಾಗಿತ್ತೆಂಬುದನ್ನು ಆಪಲ್ ಕಂಪನಿಯೇ ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಕಲ್ಲೆಸೆದುದನ್ನು ನಾವು ಸಮರ್ಥಿಸುವುದಿಲ್ಲ. ದಯೆಯನ್ನು ಧರ್ಮದ ಬೇರೆಂದು ತಿಳಿದ ಪರಂಪರೆಗೆ ಹಿಂಸೆ ಹೊರತು. ಆದರೆ ಒಡೆದ ಗಾಜಿನ ಬೆಲೆ ಮರುದಿನವೇ ಎಲ್ಲರಿಗೂ ಗೊತ್ತಾಯಿತು, ಬಾರದ ವೇತನದ ಬೆಲೆ ಗಾಜು ಒಡೆಯುವವರೆಗೆ ಯಾರಿಗೂ ಗೊತ್ತಾಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಗುತ್ತಿಗೆದಾರನು ವೇತನ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ಆ ನಿಯಮವನ್ನು ಕೇಳಿ ಪಡೆಯಲು ಬೇಕಾದ ಸಂಘಟನೆ, ಅಹವಾಲು ಆಲಿಸುವ ಅಧಿಕಾರಿ, ಶಾಂತಿಯುತವಾಗಿ ಕುಳಿತು ಕೇಳುವ ಅವಕಾಶ ಇವು ಇಲ್ಲವಾದಾಗ ಸಿಟ್ಟಿಗೆ ದಾರಿ ತಪ್ಪುತ್ತದೆ.

ಕಾಯಕಕ್ಕೂ ದಾಸೋಹಕ್ಕೂ ಇರುವ ನಂಟು

ಬಸವಾದಿ ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರೆಂದು ನಾವೆಲ್ಲ ಹೇಳುತ್ತೇವೆ. ಈ ಮಾತು ದುಡಿಯುವವನಿಗೆ ಮಾತ್ರ ಹೇಳಿದ ಉಪದೇಶವೆಂಬಂತೆ ಬಳಕೆಯಾಗುವುದುಂಟು. ವಾಸ್ತವದಲ್ಲಿ ಕಾಯಕ ತತ್ತ್ವಕ್ಕೆ ಎರಡು ಮುಖಗಳಿವೆ. ದುಡಿಯದೆ ಉಣ್ಣಬಾರದು ಎಂಬುದು ಒಂದು. ದುಡಿದವನ ಪಾಲನ್ನು ಇನ್ನೊಬ್ಬರು ಉಣ್ಣಬಾರದು ಎಂಬುದು ಇನ್ನೊಂದು. ಕಾಯಕ ಪೂಜೆಯಾದರೆ ಅದರ ಫಲವನ್ನು ಕಸಿಯುವುದು ಪೂಜೆಗೆ ಬಗೆಯುವ ಅಪಚಾರ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದರು. ಲಕ್ಕಮ್ಮ ತಾಯಿ ಸಂತೋಷಪಡಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಸಿದರು. ಬಡತನದಲ್ಲಿದ್ದ ಹೆಣ್ಣುಮಗಳೊಬ್ಬಳು ಸಂಗ್ರಹಕ್ಕೆ ಮಿತಿ ಹಾಕಿದ ಪ್ರಸಂಗವಿದು. ಉಳಿದದ್ದು ನಮ್ಮದಲ್ಲ, ಸಮಾಜದ್ದು ಎಂಬ ಈ ಅರಿವೇ ದಾಸೋಹ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ಭಾವಿಸುತ್ತಾನೆ. ಆದುದರಿಂದ ನ್ಯಾಯವಾದ ವೇತನ ಕೊಡದೆ ಹಬ್ಬಕ್ಕೆ ಉಡುಗೊರೆ ಹಂಚುವುದು, ಕೆರೆ ಕೆಡಿಸಿ ಶಾಲೆಗೆ ಬೆಂಚು ಕೊಡುವುದು ದಾಸೋಹವೆನಿಸದು.

ಇಂದಿನ ಚಿತ್ರ ಇದಕ್ಕೆ ವಿರುದ್ಧವಾಗಿದೆ. ವಿಶ್ವ ಅಸಮಾನತೆಯನ್ನು ಅಧ್ಯಯನ ಮಾಡುವ ಅರ್ಥಶಾಸ್ತ್ರಜ್ಞರು 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯಂತೆ, 2022–23ರಲ್ಲಿ ಭಾರತದ ಅತಿ ಶ್ರೀಮಂತ ಶೇಕಡಾ 1ರಷ್ಟು ಜನರ ಬಳಿ ದೇಶದ ಒಟ್ಟು ಸಂಪತ್ತಿನ ಶೇಕಡಾ 40.1 ಭಾಗ ಸೇರಿತ್ತು. ಸಂಪತ್ತು ಎಲ್ಲರ ಅಹಿತಕ್ಕೆ ಕಾರಣವಾಗುವಂತೆ ಕೆಲವರಲ್ಲಿ ಕೇಂದ್ರೀಕೃತವಾಗಬಾರದೆಂದು ನಮ್ಮ ಸಂವಿಧಾನದ 39ನೆಯ ವಿಧಿ ಹೇಳುತ್ತದೆ. ಲಕ್ಕಮ್ಮ ತಾಯಿ ಮನೆಯಂಗಳದಲ್ಲಿ ಹೇಳಿದ್ದನ್ನು ಸಂವಿಧಾನ ದೇಶಕ್ಕೆ ಹೇಳಿದೆ.

ತೆರೆದಿಟ್ಟ ಭಂಡಾರ, ಮುಚ್ಚಿಟ್ಟ ಭಂಡಾರ

ಸಂಪತ್ತಿನ ಅಂತರ ಹೆಚ್ಚಿದಾಗ ಅದು ಮನೆ, ಕಾರುಗಳಲ್ಲಿ ಮಾತ್ರ ಕಾಣಿಸಿಕೊಳ್ಳುವುದಿಲ್ಲ, ಕಾನೂನಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಎರಡು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಚುನಾವಣಾ ಬಾಂಡ್. 2018ರಿಂದ ಜಾರಿಯಲ್ಲಿದ್ದ ಈ ವ್ಯವಸ್ಥೆಯಲ್ಲಿ ಕಂಪನಿಗಳು ಬ್ಯಾಂಕಿನಿಂದ ಬಾಂಡ್ ಕೊಂಡು ಪಕ್ಷಗಳಿಗೆ ನೀಡಬಹುದಾಗಿತ್ತು. ಯಾರು ಯಾರಿಗೆ ಕೊಟ್ಟರೆಂಬುದು ಮತದಾರನಿಗೆ ತಿಳಿಯುತ್ತಿರಲಿಲ್ಲ. ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂದು ಕಂಪನಿಗಳಿಗಿದ್ದ ಮಿತಿಯನ್ನೂ ತೆಗೆಯಲಾಗಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮತದಾರನ ತಿಳಿಯುವ ಹಕ್ಕಿಗೆ ಇದು ವಿರುದ್ಧವೆಂದು ಹೇಳಿ ಇಡೀ ವ್ಯವಸ್ಥೆಯನ್ನು ರದ್ದುಗೊಳಿಸಿತು. ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಹಲವು ಪಕ್ಷಗಳು ಈ ಹಣ ಪಡೆದಿದ್ದವೆಂಬುದು ಬಳಿಕ ಪ್ರಕಟವಾದ ಪಟ್ಟಿಯಿಂದ ತಿಳಿಯಿತು.

ಎರಡನೆಯದು ವೇಮಗಲ್‌ಗೆ ಇನ್ನೂ ಹತ್ತಿರದ್ದು. 2023ರ ಫೆಬ್ರವರಿಯಲ್ಲಿ ರಾಜ್ಯದ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕರ ಒಪ್ಪಿಗೆಯಿದ್ದರೆ ದಿನಕ್ಕೆ 12 ಗಂಟೆಗಳವರೆಗೆ ದುಡಿಸಲು ಅವಕಾಶ ನೀಡಿತು. ವಾರಕ್ಕೆ 48 ಗಂಟೆಗಳ ಮಿತಿ ಉಳಿದರೂ, ಮೂರು ತಿಂಗಳಲ್ಲಿ ಮಾಡಿಸಬಹುದಾದ ಹೆಚ್ಚುವರಿ ದುಡಿಮೆಯ ಗಂಟೆಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಇದರ ಹಿಂದೆ ಆಪಲ್ ಮತ್ತು ಫಾಕ್ಸ್‌ಕಾನ್ ಕಂಪನಿಗಳ ಒತ್ತಾಯವಿತ್ತೆಂದು ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ವರದಿ ಮಾಡಿತು. ಹನ್ನೆರಡು ಗಂಟೆಯ ಪಾಳಿಯ ಬಗ್ಗೆ ನರಸಾಪುರದಲ್ಲಿ ಆಕ್ರೋಶ ಸಿಡಿದು ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹೂಡಿಕೆ ಬೇಕೆಂಬುದು ಸರ್ಕಾರದ ವಾದವಿರಬಹುದು. ಆದರೆ ಆ ಪಾಳಿಯಲ್ಲಿ ನಿಲ್ಲಬೇಕಾದ ಮಗಳನ್ನು ಯಾರು ಕೇಳಿದರು?

ಇಲ್ಲಿ ಬಸವಣ್ಣನವರ ಜೀವನದ ಒಂದು ಪ್ರಸಂಗವನ್ನು ನೆನೆಯಬೇಕು. ಬಿಜ್ಜಳನ ಭಂಡಾರಿಯಾಗಿದ್ದ ಅವರು ಅರಮನೆಯ ಹಣವನ್ನು ಜಂಗಮ ದಾಸೋಹಕ್ಕೆ ಬಳಸುತ್ತಿದ್ದಾರೆಂದು ದೂರು ಹೋಯಿತು. ಬಸವಣ್ಣನವರು ಕೋಪಿಸಿಕೊಳ್ಳಲಿಲ್ಲ, ಲೆಕ್ಕ ಕೇಳುವುದು ತಮಗೆ ಅವಮಾನವೆನ್ನಲಿಲ್ಲ. ಭಂಡಾರವನ್ನು ತೆರೆದು ಎಣಿಸಿ ನೋಡುವಂತೆ ಹೇಳಿದರು. ಲೆಕ್ಕ ಸರಿಯಾಗಿತ್ತೆಂದು ಶರಣ ಚರಿತ್ರೆಗಳು ಹೇಳುತ್ತವೆ. ಸಾರ್ವಜನಿಕ ಹೊಣೆ ಹೊತ್ತವರಿಗೆ ಇದೇ ಒರೆಗಲ್ಲು. ಹಣ ಎಲ್ಲಿಂದ ಬಂದಿತು, ಅದಕ್ಕೆ ಪ್ರತಿಯಾಗಿ ಏನು ಹೋಯಿತು ಎಂದು ಕೇಳುವ ಪ್ರಜೆ ದ್ರೋಹಿಯಲ್ಲ. ಲೆಕ್ಕ ತೋರಿಸಲು ಹಿಂಜರಿಯುವವರನ್ನೇ ಅನುಮಾನಿಸಬೇಕು.

ಶಾಂತಿಯಿಂದ ಗೆದ್ದ ಹೋರಾಟಗಳು

ಹೋರಾಟದಿಂದ ಏನಾಗುತ್ತದೆ ಎನ್ನುವವರಿಗೆ ನಮ್ಮ ಪರಂಪರೆಯ ಮಠವೊಂದು ಉತ್ತರ ಕೊಟ್ಟಿದೆ. ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತಮುತ್ತ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಕೃಷಿಭೂಮಿ ಸ್ವಾಧೀನಕ್ಕೆ ಸಿದ್ಧತೆ ನಡೆದಾಗ, ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ರೈತರೊಂದಿಗೆ ನಿಂತರು. 2011ರ ಜುಲೈನಲ್ಲಿ ಅಂದಿನ ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಬಳಿ ಜನ ಉದ್ಯಾನದಲ್ಲಿ ಬೀಡುಬಿಟ್ಟು, ನಾವು ಶೇಕಡಾ 99ರ ಮಂದಿ ಎಂದು ಸಾರಿದರು. ಗದಗದ ರೈತನೂ ನ್ಯೂಯಾರ್ಕಿನ ಯುವಕನೂ ಒಬ್ಬರನ್ನೊಬ್ಬರು ಅರಿತವರಲ್ಲ, ಆದರೆ ಇಬ್ಬರ ಪ್ರಶ್ನೆಯ ತಿರುಳು ಒಂದೇ ಆಗಿತ್ತು.

ಕೋಲಾರದ ನೆರೆಯ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಆರಂಭಿಸಿದರು. ಮೂರು ವರ್ಷಕ್ಕೂ ಮೀರಿ ಅದು ನಡೆಯಿತು. ನಡುವೆ ಸರ್ಕಾರ ಬದಲಾದರೂ ಧರಣಿ ನಿಲ್ಲಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಡುವುದಾಗಿಯೂ, ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಭೂಮಿ ಪಡೆಯುವುದಾಗಿಯೂ ಪ್ರಕಟಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಖಾಸಗಿ ಕಂಪನಿಗಳಿಗಾಗಿ ಭೂಮಿ ಪಡೆಯುವಾಗ ಶೇಕಡಾ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕೆಂದು ಕೇಂದ್ರದ 2013ರ ಕಾಯ್ದೆ ಹೇಳುತ್ತದೆ. ಕೈಗಾರಿಕಾ ಮಂಡಳಿಯು ಬಳಸುವ ರಾಜ್ಯದ 1966ರ ಕಾಯ್ದೆಯಲ್ಲಿ ಅಂಥ ಕಡ್ಡಾಯವಿಲ್ಲ. ಕಾನೂನು ಕೇಳದ ಒಪ್ಪಿಗೆಯನ್ನು ಧರಣಿ ಕೇಳುವಂತೆ ಮಾಡಿತು.

ನಾವು ಮಾಡಬೇಕಾದುದು

ಪ್ರತಿಭಟನೆಯೆಲ್ಲವೂ ಧರ್ಮಸಮ್ಮತವೆಂದು ನಾವು ಹೇಳುತ್ತಿಲ್ಲ. ಅದನ್ನು ಅಳೆಯಲು ಶರಣ ತತ್ತ್ವ ಕೆಲವು ಅಳತೆಗೋಲುಗಳನ್ನು ಕೊಡುತ್ತದೆ. ಬೇಡಿಕೆ ದುಡಿದವರ ಪಾಲಿಗಾಗಿ ಇರಬೇಕು, ಯಾವುದೋ ಜಾತಿಯ ಅಥವಾ ಪಕ್ಷದ ಬಲಪ್ರದರ್ಶನಕ್ಕಲ್ಲ. ಹೋರಾಟ ಶಾಂತಿಯುತವಾಗಿರಬೇಕು, ಸಂವಿಧಾನದ 19ನೆಯ ವಿಧಿ ರಕ್ಷಿಸುವುದೂ ಶಸ್ತ್ರವಿಲ್ಲದೆ, ಶಾಂತಿಯಿಂದ ಸೇರುವ ಹಕ್ಕನ್ನೇ. ಎಲ್ಲ ಕುಲದವರೂ ಕುಳಿತು ಚರ್ಚಿಸಿದ ಅನುಭವ ಮಂಟಪದಂತೆ, ಹೋರಾಟದ ತೀರ್ಮಾನಗಳೂ ಎಲ್ಲರ ಎದುರಿಗೆ ಆಗಬೇಕು. ಹೋರಾಟ ನಡೆಸುವವರೂ ತಮ್ಮ ಹಣದ ಲೆಕ್ಕವನ್ನು ತೆರೆದಿಡಬೇಕು.

ಈ ಮಾತು ಮಠಗಳಿಗೂ ಅನ್ವಯಿಸುತ್ತದೆ. ಸರ್ಕಾರದ ಅನುದಾನವನ್ನೂ ಉದ್ಯಮಿಗಳ ದೇಣಿಗೆಯನ್ನೂ ಮಠಗಳು ಸ್ವೀಕರಿಸುತ್ತವೆ. ಅನ್ನ, ಅಕ್ಷರಗಳಿಗೆ ಅದು ಬಳಕೆಯಾಗುತ್ತಿದೆ ಎಂಬುದು ನಿಜ. ಆದರೆ ದೇಣಿಗೆ ಕೊಟ್ಟವರ ತಪ್ಪಿಗೆ ಮಠ ಮೌನವಾದರೆ ಆ ದೇಣಿಗೆ ದಾಸೋಹವಾಗದೆ ಬಾಂಡ್ ಆಗುತ್ತದೆ. ಚುನಾವಣೆಯ ಹೊತ್ತಿಗೆ ಮಠದ ಹೊಸ್ತಿಲಿಗೆ ಬರುವವರನ್ನು ಬರಮಾಡಿಕೊಳ್ಳುವಂತೆಯೇ, ನ್ಯಾಯ ಕೇಳಿ ಬರುವ ಗುತ್ತಿಗೆ ಕಾರ್ಮಿಕರನ್ನೂ ಬರಮಾಡಿಕೊಳ್ಳಬೇಕು.

ಸದ್ಭಕ್ತರಲ್ಲಿ ಉದ್ಯಮ ನಡೆಸುವವರಿದ್ದಾರೆ. ತಮ್ಮಲ್ಲಿ ದುಡಿಯುವವರಿಗೆ ತಿಂಗಳ ವೇತನ ದಿನ ತಪ್ಪದೆ ಸಂದಾಯವಾಗಿದೆಯೇ ಎಂದು ನೋಡುವುದು ಅವರ ಮೊದಲ ದಾಸೋಹ. ದುಡಿಯುವವರು ನೇಮಕಾತಿ ಪತ್ರ, ವೇತನ ಚೀಟಿಗಳನ್ನು ಕೇಳಿ ಪಡೆದು ಜೋಪಾನ ಮಾಡಬೇಕು. ಅನ್ಯಾಯವಾದಲ್ಲಿ ಕಾರ್ಮಿಕ ಇಲಾಖೆಗೆ ಲಿಖಿತವಾಗಿ ದೂರಬೇಕು. ರೈತರು ಸ್ವಾಧೀನದ ಅಧಿಸೂಚನೆ ಬಂದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬೇಕು, ಮಾಹಿತಿ ಹಕ್ಕನ್ನು ಬಳಸಬೇಕು. ಮತದಾರರೆಲ್ಲರೂ ತಮ್ಮ ಅಭ್ಯರ್ಥಿಯ ಜಾತಿಯನ್ನು ಕೇಳುವ ಬದಲು ಅವರ ಲೆಕ್ಕವನ್ನು ಕೇಳಬೇಕು.

ಕೋಲಾರ ಸೀಮೆಯಲ್ಲಿ ನಮ್ಮ ಸಮಾಜದವರು ಸಂಖ್ಯೆಯಲ್ಲಿ ಹೆಚ್ಚಿಲ್ಲ. ಆದರೆ ಕಾಯಕದ ಫಲ ಕಾಯಕ ಮಾಡಿದವರಿಗೆ ಸಲ್ಲಲಿ, ಭಂಡಾರದ ಲೆಕ್ಕ ಎಲ್ಲರಿಗೂ ತಿಳಿಯಲಿ ಎಂಬ ಮಾತು ಒಂದು ಸಮಾಜದ ಸ್ವತ್ತಲ್ಲ. ವೇಮಗಲ್‌ನಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಯಾವ ಮಗ, ಯಾವ ಮಗಳು ಆ ಮಾತನ್ನು ಶಾಂತಿಯಿಂದ ಕೇಳಿದರೂ ಅವರ ಪಕ್ಕದಲ್ಲಿ ನಿಲ್ಲುವುದು ಶರಣ ಧರ್ಮ.