ಹಳೆಯ ಇಟಾಲಿಯನ್ ಆರ್ಮ್‌ಚೇರ್: ಹೂಡಿಕೆಯೋ, ಖರ್ಚೋ?

1950ರ ದಶಕದ ಇಟಾಲಿಯನ್ ಆರ್ಮ್‌ಚೇರ್‌ಗಳನ್ನು ರಿಪೇರಿ ಮಾಡಿ ಮಾರುವವರು ಹೇಳುವ ಮಾತೊಂದಿದೆ: "ಇದು ಖರ್ಚಲ್ಲ, ಹೂಡಿಕೆ." ಬ್ರಿಟನ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರು ಈ ಮಾತನ್ನು ನಂಬುವ ಮೊದಲು ಲೆಕ್ಕ ಹಾಕಿ ನೋಡೋಣ.

ಉದಾಹರಣೆಗೆ ಮಾರ್ಕೊ ಜನುಸೊ ವಿನ್ಯಾಸದ 'ಲೇಡಿ'. ಇದಕ್ಕೆ 1951ರ ಮಿಲಾನ್ ಟ್ರಿಯೆನ್ನಾಲೆಯಲ್ಲಿ ಚಿನ್ನದ ಪದಕ ಬಂತು. ತಯಾರಿಸಿದ್ದು ಆರ್‌ಫ್ಲೆಕ್ಸ್. ಸ್ಪ್ರಿಂಗ್ ಬದಲು ಟೈರ್ ಕಂಪನಿ ಪಿರೆಲ್ಲಿಯ ಫೋಮ್ ರಬ್ಬರ್ ಮತ್ತು ರಬ್ಬರ್ ಪಟ್ಟಿ ಬಳಸಿದ್ದೇ ಇದರ ಹೆಚ್ಚುಗಾರಿಕೆ. ಆದರೆ ಎಪ್ಪತ್ತು ವರ್ಷದಲ್ಲಿ ಫೋಮ್ ಪುಡಿಯಾಗುತ್ತದೆ, ಪಟ್ಟಿ ಜೋತುಬೀಳುತ್ತದೆ. ಹಾಗಾಗಿ ಕುಶನ್ ಕೆಲಸದ ಖರ್ಚು ತಪ್ಪಿದ್ದಲ್ಲ. ಜೊತೆಗೆ ಕಸೀನಾ ಕಂಪನಿ ಇದೇ ಕುರ್ಚಿಯನ್ನು ಇಂದಿಗೂ ಹೊಸದಾಗಿ ತಯಾರಿಸುತ್ತದೆ. ರೂಪ ಮಾತ್ರ ಬೇಕಾದವರಿಗೆ ಹಳೆಯದೇ ಆಗಬೇಕೆಂದಿಲ್ಲ.

ಈಗ ಒಂದು ಊಹೆಯ ಲೆಕ್ಕ. ಕುರ್ಚಿಗೆ 1,800 ಪೌಂಡ್, ಕುಶನ್ ಕೆಲಸಕ್ಕೆ 900, ಸಾಗಣೆಗೆ 150, ಒಟ್ಟು 2,850. ಎಂಟು ವರ್ಷದ ನಂತರ ಹರಾಜಿನಲ್ಲಿ 2,600ಕ್ಕೆ ಹೋಯಿತು ಎನ್ನಿ. 20% ಕಮಿಷನ್ ಕಳೆದರೆ ಕೈಗೆ ಬರುವುದು 2,080. ನಷ್ಟ 770. ಅದೇ 2,850 ಪೌಂಡ್ 5% ದರದಲ್ಲಿ ಬೆಳೆದಿದ್ದರೆ ಸುಮಾರು 1,360 ಗಳಿಕೆ ಆಗುತ್ತಿತ್ತು. ಎರಡೂ ಸೇರಿ ನಿಜವಾದ ವೆಚ್ಚ 2,130.

1,200 ಪೌಂಡಿನ ಹೊಸ ಕುರ್ಚಿ ಕೊಂಡು ಎಂಟು ವರ್ಷಕ್ಕೆ ಎಸೆದರೂ, ಬಡ್ಡಿ ಸೇರಿ ವೆಚ್ಚ ಸುಮಾರು 1,773. ಅಂದರೆ ಹಳೆಯದಕ್ಕೆ ವರ್ಷಕ್ಕೆ ಸುಮಾರು 45 ಪೌಂಡ್ ಹೆಚ್ಚು. ಹೂಡಿಕೆಯಂತೂ ಅಲ್ಲ, ಆದರೆ ದುಬಾರಿ ಹುಚ್ಚೂ ಅಲ್ಲ.

ಕೊಳ್ಳುವವರು ಮೂರು ವಿಷಯ ನೆನಪಿಡಿ.

ಒಂದು, ಇಲ್ಲಿನ 1988ರ ಪೀಠೋಪಕರಣ ಅಗ್ನಿ ಸುರಕ್ಷತಾ ನಿಯಮದ ವಿನಾಯಿತಿ 1950ಕ್ಕಿಂತ ಮೊದಲು ತಯಾರಾದವಕ್ಕೆ. 'ಲೇಡಿ'ಗೆ ಅದು ಸಿಗದು. ಹೊಸ ಫೋಮ್, ಬಟ್ಟೆ ನಿಯಮಕ್ಕೆ ಹೊಂದುತ್ತವೆ ಎಂಬ ದಾಖಲೆ ಪಡೆಯಿರಿ; ಮುಂದೆ ವ್ಯಾಪಾರಿಗೆ ಮಾರುವಾಗ ಬೇಕಾಗುತ್ತದೆ.

ಎರಡು, ರಿಪೇರಿಗೆ ಮುಂಚಿನ ಫೋಟೊ, ಮೂಲ ಲೇಬಲ್, ಬಿಲ್ಲು ಜೋಪಾನ. ಅಸಲಿ ಎಂದು ತೋರಿಸಲು ಇವೇ ಆಧಾರ.

ಮೂರು, ಒಂದು ಕುರ್ಚಿ 6,000 ಪೌಂಡ್ ಅಥವಾ ಅದಕ್ಕಿಂತ ಕಡಿಮೆಗೆ ಮಾರಾಟವಾದರೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ಇದನ್ನೇ ಲಾಭದ ಭರವಸೆ ಎಂದುಕೊಳ್ಳಬೇಡಿ.

ಐಸಾಗೆ ಹಾಕುವ ದುಡ್ಡನ್ನು ಇದಕ್ಕೆ ತಿರುಗಿಸಬೇಡಿ. ಮನೆ ಸಾಮಾನಿಗೆಂದು ಎತ್ತಿಟ್ಟ ಹಣವಿದ್ದರೆ, ಕೂತು ನೋಡಿ ಹಿಡಿಸಿದರೆ, ಧಾರಾಳವಾಗಿ ಕೊಳ್ಳಿ.