ಮುಳ್ಳಿನ ಗಿಡ, ಮನೆಯ ಸಲಕರಣೆ

ನೀರು ಕಾಣದ ನೆಲದಲ್ಲಿಯೂ ಹಸುರಾಗಿ ನಿಲ್ಲಬಲ್ಲ ಗಿಡಗಳಲ್ಲಿ ಕಳ್ಳಿಯದು ಮೊದಲ ಸ್ಥಾನ. ಹೊಲದ ಬೇಲಿಯಲ್ಲಿ ಬೆಳೆದ ಪಾಪಾಸುಕಳ್ಳಿಯನ್ನು ಯಾರೂ ನಿಂತು ನೋಡುವುದಿಲ್ಲ. ಆದರೆ ಅದರ ಬಂಧುವೊಂದು ಪುಟ್ಟ ಕುಂಡದಲ್ಲಿ ದುಂಡಗೆ ಬೆಳೆದು, ನೆತ್ತಿಯ ಮೇಲೆ ರೇಷ್ಮೆಯಂತಹ ಹೂವನ್ನು ಅರಳಿಸಿದಾಗ ನೋಡುವವರು ಬೆರಗಾಗುತ್ತಾರೆ. ಈ ಬೆರಗಿನಿಂದಲೇ ಕಳ್ಳಿಗಳನ್ನು ಬೆಳೆಸತೊಡಗಿದವರು ಅನೇಕರು. ಮೊದಲ ಬಾರಿಗೆ ಕುಂಡವನ್ನು ಬದಲಾಯಿಸುವಾಗ ಬೆರಳ ತುಂಬ ಮುಳ್ಳು ಚುಚ್ಚಿಸಿಕೊಂಡು ಆ ಹವ್ಯಾಸವನ್ನೇ ತೊರೆದವರೂ ಉಂಟು. ಗಿಡವನ್ನು ಮುಟ್ಟದೆ ಬೆಳೆಸಲಾಗದು. ಬರಿಗೈಯಿಂದ ಮುಟ್ಟಲೂ ಆಗದು. ಈ ಇಕ್ಕಟ್ಟಿನಿಂದ ಪಾರಾಗಲು ಬೇಕಾದುದು ಬೆಲೆಬಾಳುವ ಸಲಕರಣೆಗಳಲ್ಲ. ಗಿಡದ ಸ್ವಭಾವದ ಅರಿವು ಮತ್ತು ಮನೆಯಲ್ಲಿ ನಿರುಪಯುಕ್ತವೆಂದು ಎಸೆಯುವ ಕೆಲವು ವಸ್ತುಗಳು.

ಮೊದಲು ಗಿಡದ ಸ್ವಭಾವವನ್ನು ತಿಳಿಯೋಣ. ನಿಜವಾದ ಕಳ್ಳಿಗಳ ಕುಟುಂಬದ ತವರು ಅಮೆರಿಕ ಖಂಡಗಳು. ನಮ್ಮ ಪಾಪಾಸುಕಳ್ಳಿಯೂ ಅಲ್ಲಿಂದ ಬಂದುದೇ. ಚದುರಗಳ್ಳಿಯಂತಹ ಹಾಲುಗಳ್ಳಿಗಳು ನೋಡಲು ಕಳ್ಳಿಯಂತೆಯೇ ಇದ್ದರೂ ಬೇರೊಂದು ಕುಟುಂಬಕ್ಕೆ ಸೇರಿದವು. ಕಳ್ಳಿಯ ಮೈಮೇಲೆ ಸಣ್ಣ ಮೆತ್ತೆಯಂತಹ ಬಿಂದುಗಳಿರುತ್ತವೆ; ಮುಳ್ಳುಗಳು ಗೊಂಚಲಾಗಿ ಹೊರಡುವುದು ಆ ಬಿಂದುಗಳಿಂದಲೇ. ಈ ಗುರುತು ಹಾಲುಗಳ್ಳಿಗಳಲ್ಲಿ ಇರುವುದಿಲ್ಲ. ಕಳ್ಳಿಯ ಮುಳ್ಳುಗಳು ರೂಪಾಂತರ ಹೊಂದಿದ ಎಲೆಗಳು. ಅವು ಮೇಯುವ ಪ್ರಾಣಿಗಳನ್ನು ದೂರವಿಡುತ್ತವೆ. ಸುಡುವ ಬಿಸಿಲಿನಲ್ಲಿ ಕಾಂಡಕ್ಕೆ ಅಷ್ಟಿಷ್ಟು ನೆರಳನ್ನೂ ನೀಡುತ್ತವೆ. ನೀರನ್ನು ಕೂಡಿಡುವ ಕೆಲಸವೂ ಆಹಾರ ತಯಾರಿಸುವ ಕೆಲಸವೂ ಕಾಂಡಕ್ಕೆ ಸೇರಿದೆ.

ಪಾಪಾಸುಕಳ್ಳಿಯ ಜಾತಿಯವುಗಳಲ್ಲಿ ದೊಡ್ಡ ಮುಳ್ಳಿಗಿಂತ ಹೆಚ್ಚು ಕಾಡುವುದು ಅದರ ಬುಡದಲ್ಲಿರುವ ಕೂದಲಿನಷ್ಟು ಸಣ್ಣ ಮುಳ್ಳುಗಳು. ಇವುಗಳಿಗೆ ಹಿಮ್ಮುಖವಾದ ಕೊಕ್ಕೆಗಳಿರುತ್ತವೆ. ಮೆಲ್ಲನೆ ಸೋಕಿದರೂ ಸಾಕು, ನೂರಾರು ಮುಳ್ಳುಗಳು ಗಿಡದಿಂದ ಕಳಚಿ ಚರ್ಮದಲ್ಲಿ ನಾಟಿಕೊಳ್ಳುತ್ತವೆ. ನೋವು ನಮ್ಮೊಬ್ಬರದೇ ಅಲ್ಲ. ಅವಸರದಲ್ಲಿ ಮುರಿದ ಮುಳ್ಳು ಅದೇ ಜಾಗದಲ್ಲಿ ಮತ್ತೆ ಮೊಳೆಯುವುದಿಲ್ಲ. ಕಾಂಡಕ್ಕೆ ತಗುಲಿದ ಗಾಯದ ಕಲೆ ಬಹುಕಾಲ ಉಳಿಯುತ್ತದೆ. ಹರಿದ ಬೇರಿಗೆ ತೇವ ತಾಕಿದರೆ ಕೊಳೆತವು ಅಲ್ಲಿಂದಲೇ ಆರಂಭವಾಗುತ್ತದೆ. ಆದ್ದರಿಂದ ಕಳ್ಳಿಯ ತೋಟದ ಸಲಕರಣೆಯು ಕೈಯನ್ನೂ ಕಾಯಬೇಕು, ಗಿಡವನ್ನೂ ಕಾಯಬೇಕು.

ಇಂತಹ ಸಲಕರಣೆಯ ಸೊಗಸಾದ ನಿದರ್ಶನವೊಂದು ಕಳ್ಳಿಗಳ ತವರಿನಲ್ಲಿಯೇ ದೊರೆಯುತ್ತದೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿಯೂ ಅದರ ದಕ್ಷಿಣಕ್ಕಿರುವ ಮೆಕ್ಸಿಕೊ ದೇಶದಲ್ಲಿಯೂ ಹಬ್ಬಿರುವ ಸೊನೋರಾ ಮರುಭೂಮಿಯಲ್ಲಿ ಸಗ್ವಾರೊ ಎಂಬ ಮಹಾಕಳ್ಳಿ ಬೆಳೆಯುತ್ತದೆ. ಅದು 12 ಮೀಟರಿಗೂ ಮಿಕ್ಕಿ ಎತ್ತರವಾಗಬಲ್ಲದು. ನೂರೈವತ್ತು ವರ್ಷಗಳ ಕಾಲ ಬಾಳಬಲ್ಲದು. ಬೇಸಗೆಯ ಮಳೆ ಬೀಳುವ ಮುನ್ನ ಅದರ ತುದಿಯಲ್ಲಿ ಸಿಹಿಯಾದ ಹಣ್ಣುಗಳು ಮಾಗುತ್ತವೆ. ಮುಳ್ಳು ತುಂಬಿದ ಆ ಕಂಬವನ್ನು ಹತ್ತುವವರು ಯಾರು? ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓದಮ್ ಜನರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಸತ್ತು ಒಣಗಿದ ಸಗ್ವಾರೊವಿನ ಒಳಗೆ ಉದ್ದನೆಯ ಮರದ ಪಟ್ಟಿಗಳಂತಹ ಕಡ್ಡಿಗಳು ಉಳಿಯುತ್ತವೆ. ಅವುಗಳನ್ನು ಒಂದಕ್ಕೊಂದು ಕಟ್ಟಿ, ತುದಿಗೆ ಚಿಕ್ಕ ಅಡ್ಡಕಡ್ಡಿಯೊಂದನ್ನು ಬಿಗಿದು, ಆ ದೋಟಿಯಿಂದ ಹಣ್ಣನ್ನು ಕೆಡವುತ್ತಾರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಮ್ಮ ಗಾದೆಯಂತೆ, ಅವರು ಕಳ್ಳಿಯ ಹಣ್ಣನ್ನು ಕಳ್ಳಿಯಿಂದಲೇ ಕೊಯ್ಯುತ್ತಾರೆ. ಹಣ ವ್ಯಯವಾಗಲಿಲ್ಲ, ಗಿಡಕ್ಕೆ ಪೆಟ್ಟಾಗಲಿಲ್ಲ. ಸುತ್ತ ಏನಿದೆ ಎಂಬುದನ್ನು ಕಣ್ಣುಬಿಟ್ಟು ನೋಡಿದ್ದೇ ಅವರ ಬಂಡವಾಳ.

ನಮ್ಮ ಮನೆಗಳಲ್ಲಿಯೂ ಇದೇ ದಾರಿಯನ್ನು ಹಿಡಿಯಬಹುದು. ಎಲ್ಲಕ್ಕಿಂತ ಸುಲಭವಾದ ಸಲಕರಣೆ ಹಳೆಯ ವೃತ್ತಪತ್ರಿಕೆ. ಅದನ್ನು ಉದ್ದಕ್ಕೆ ನಾಲ್ಕಾರು ಸಲ ಮಡಿಸಿದರೆ ಎರಡು ಬೆರಳಗಲದ ಗಟ್ಟಿಯಾದ ಪಟ್ಟಿಯಾಗುತ್ತದೆ. ಈ ಪಟ್ಟಿಯನ್ನು ಗಿಡದ ಸುತ್ತ ಬಳಸಿ, ಎರಡು ತುದಿಗಳನ್ನೂ ಸೇರಿಸಿ ಹಿಡಿದರೆ ಅದೇ ಒಂದು ಹಿಡಿಕೆ. ದುಂಡನೆಯ ಕಳ್ಳಿಯನ್ನು ಹೀಗೆ ಎತ್ತಿ ಒಂದು ಕುಂಡದಿಂದ ಇನ್ನೊಂದಕ್ಕೆ ನಿರಾತಂಕವಾಗಿ ಸಾಗಿಸಬಹುದು. ಕಾಗದವು ಮುಳ್ಳುಗಳ ಮೇಲೆ ಭಾರವನ್ನು ಸಮನಾಗಿ ಹಂಚುವುದರಿಂದ ಅವು ಮುರಿಯುವುದು ಕಡಿಮೆ. ಬಟ್ಟೆಯಾದರೋ ಮುಳ್ಳಿಗೆ ಸಿಕ್ಕಿಕೊಂಡು, ಬಿಡಿಸುವಾಗ ಗಿಡವನ್ನೇ ಎಳೆಯುತ್ತದೆ.

ಸಣ್ಣ ಗಿಡಗಳಿಗೂ ಪಾಪಾಸುಕಳ್ಳಿಯ ತುಂಡುಗಳಿಗೂ ಬಿದಿರಿನ ಇಕ್ಕಳ ಯೋಗ್ಯವಾದುದು. ಒಂದು ಗೇಣಿನ ಎರಡು ಬಿದಿರು ಸೀಳುಗಳ ನಡುವೆ, ಒಂದು ತುದಿಯಲ್ಲಿ ಮರದ ಚಿಕ್ಕ ತುಣುಕನ್ನಿಟ್ಟು ದಾರದಿಂದ ಬಿಗಿದು ಕಟ್ಟಿದರೆ ಇನ್ನೊಂದು ತುದಿ ತಾನಾಗಿ ಬಾಯ್ದೆರೆದು ನಿಲ್ಲುತ್ತದೆ. ಹಿಡಿಯುವ ತುದಿಗಳಿಗೆ ಸ್ಪಂಜಿನ ಚೂರುಗಳನ್ನು ಸುತ್ತಿದರೆ ಗಿಡದ ಮೈ ನಲುಗುವುದಿಲ್ಲ. ಬೀಜದಿಂದ ಎಬ್ಬಿಸಿದ ಸಸಿಗಳು ಆರಂಭದಲ್ಲಿ ಸಾಸಿವೆಕಾಳಿಗಿಂತ ಸ್ವಲ್ಪವೇ ದೊಡ್ಡವು. ಅವುಗಳಿಗೆ ಇಕ್ಕಳವೂ ಒರಟು. ತುದಿಯನ್ನು ಕವಲಾಗಿ ಸೀಳಿದ ತೆಳುವಾದ ಕಡ್ಡಿಯಿಂದ ಅವನ್ನು ಬೇರು ಸಮೇತ ಮೀಟಿ ಎತ್ತಬಹುದು.

ಕಳ್ಳಿಗೆ ಬರಗಾಲಕ್ಕಿಂತ ದೊಡ್ಡ ಶತ್ರು ನಿಂತ ನೀರು. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು, ಇವುಗಳ ಮಿಶ್ರಣದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ತಗಡಿನ ಡಬ್ಬಿಯೊಂದರ ತಳಕ್ಕೆ ಮೊಳೆಯಿಂದ ಒತ್ತಾಗಿ ತೂತುಗಳನ್ನು ಹೊಡೆದರೆ ಅದೇ ಜರಡಿ. ಅದರಲ್ಲಿ ಮರಳನ್ನು ಜಾಲಿಸಿ, ಕೆಳಗೆ ಬಿದ್ದ ನುಣುಪಾದ ಧೂಳನ್ನು ಬಿಟ್ಟು, ಮೇಲುಳಿದ ಹರಳುಗಳನ್ನು ಬಳಸಬೇಕು. ಒಡೆದ ಕುಂಡದ ಬಿಲ್ಲೆಯೊಂದನ್ನು ಹೊಸ ಕುಂಡದ ತೂತಿನ ಮೇಲೆ ಡೊಂಕಾಗಿ ಇರಿಸಿದರೆ ನೀರು ಹರಿಯುತ್ತದೆ, ಮಣ್ಣು ಉಳಿಯುತ್ತದೆ. ಮುಳ್ಳುಗಳ ನಡುವೆ ಕೈ ತೂರಿಸಿ ಮಣ್ಣು ತುಂಬುವ ಬದಲು, ದಪ್ಪ ಕಾಗದವನ್ನು ಪೊಟ್ಟಣದಂತೆ ಸುತ್ತಿ ತುದಿಯನ್ನು ಕತ್ತರಿಸಿದ ಆಲಿಕೆಯಿಂದ ಸುರಿಯಬಹುದು. ತರುವಾಯ ಮೊಂಡಾದ ಕಡ್ಡಿಯಿಂದ ಮೆಲ್ಲನೆ ಅದುಮಿದರೆ ಬೇರುಗಳ ನಡುವಣ ಸಂದು ತುಂಬುತ್ತದೆ. ಹೊಸದಾಗಿ ನೆಟ್ಟ ಗಿಡಕ್ಕೆ ಸುಮಾರು ಒಂದು ವಾರ ನೀರು ಹಾಕಬಾರದು. ಹರಿದ ಬೇರುಗಳು ಮಾಯಲು ಅಷ್ಟು ಬಿಡುವು ಬೇಕು.

ನೀರು ಹಾಕುವ ಸಮಯ ಬಂದಿತೆಂದು ಅರಿಯುವುದು ಹೇಗೆ? ಇದಕ್ಕೆ ಯಂತ್ರ ಬೇಡ. ನುಣುಪುಗೊಳಿಸದ ಬಿದಿರಿನ ಕಡ್ಡಿಯೊಂದನ್ನು ಕುಂಡದ ಅಂಚಿನಲ್ಲಿ ಮೆಲ್ಲನೆ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರತೆಗೆಯಬೇಕು. ಕಡ್ಡಿಗೆ ಒದ್ದೆಮಣ್ಣು ಅಂಟಿದ್ದರೆ ಕಾಯಬೇಕು. ಒಣಗಿ ಬಂದರೆ ನೀರುಣಿಸಬೇಕು. ಮೇಲ್ಮಣ್ಣು ಒಣಗಿದ್ದೂ ತಳದಲ್ಲಿ ಕೆಸರಿರುವುದನ್ನು ಕಣ್ಣು ಕಾಣದು, ಕಡ್ಡಿ ಕಾಣುತ್ತದೆ. ಎಷ್ಟೋ ಗಿಡಗಳ ಅಳಿವು ಉಳಿವು ಈ ಬಿಡಿಕಾಸಿನ ಬೆಲೆಯೂ ಇಲ್ಲದ ಕಡ್ಡಿಯನ್ನು ಅವಲಂಬಿಸಿದೆ.

ಕಸಿ ಕಟ್ಟುವುದರಲ್ಲಿ ಸಾಮಾನ್ಯ ವಸ್ತುವಿನ ಮಹತ್ವ ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಹಸುರು ಕಾಂಡದ ಮೇಲೆ ಕೆಂಪು ಚೆಂಡಿನಂತೆ ಕುಳಿತ ಕಳ್ಳಿಯನ್ನು ಸಸ್ಯ ಮಾರುವ ಅಂಗಡಿಗಳಲ್ಲಿ ನೋಡಿರಬಹುದು. ಅಂತಹ ಕೆಂಪು ಸಸಿಗಳು 1941ರಲ್ಲಿ ಜಪಾನಿನ ಬೆಳೆಗಾರರೊಬ್ಬರಿಗೆ ಬೀಜದ ಸಸಿಗಳ ನಡುವೆ ಕಾಣಿಸಿದವು. ಪತ್ರಹರಿತ್ತು ಇಲ್ಲದ ಆ ಸಸಿ ತನ್ನ ಆಹಾರವನ್ನು ತಾನು ತಯಾರಿಸಿಕೊಳ್ಳಲಾರದು. ಹಸುರು ಕಳ್ಳಿಯ ಮೇಲೆ ಕಸಿ ಮಾಡದಿದ್ದರೆ ಬದುಕಲಾರದು. ಕಸಿಗಾಗಿ ಬೆಂಕಿಯಲ್ಲಿ ಕಾಯಿಸಿ ಆರಿಸಿದ ಹರಿತವಾದ ಬ್ಲೇಡಿನಿಂದ ಎರಡೂ ಗಿಡಗಳನ್ನು ಸಮತಟ್ಟಾಗಿ ಕತ್ತರಿಸುತ್ತಾರೆ. ಕತ್ತರಿಸಿದ ಮುಖದ ನಡುವೆ ಕಾಣುವ ಉಂಗುರಗಳು ನೀರು ಆಹಾರಗಳನ್ನು ಸಾಗಿಸುವ ನಾಳಗಳು. ಎರಡು ಉಂಗುರಗಳೂ ಸಂಧಿಸುವಂತೆ ಜೋಡಿಸಿ, ಅಲುಗದಂತೆ ಒತ್ತಿಹಿಡಿಯಬೇಕು. ಈ ಕೆಲಸಕ್ಕೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ತೆಳುವಾದ ರಬ್ಬರ್ ಬಳೆಗಳು ಸಾಕು. ಅವನ್ನು ಗಿಡದ ನೆತ್ತಿಯಿಂದ ಕುಂಡದ ತಳದವರೆಗೆ ಅಡ್ಡಡ್ಡಲಾಗಿ ತೊಡಿಸಿ, ಒಂದೆರಡು ವಾರ ನೆರಳಿನಲ್ಲಿ ಇರಿಸಿದರೆ ಗಿಡಗಳು ಬೆಸೆದುಕೊಳ್ಳುತ್ತವೆ. ಚಕ್ರಕ್ಕೆ ಬೇಡವಾದ ರಬ್ಬರು ಒಂದು ಜೀವಕ್ಕೆ ಆಸರೆಯಾಗುತ್ತದೆ.

ಗಿಡಕ್ಕೆ ಹಿಟ್ಟು ತಿಗಣೆ ಹತ್ತಿದಾಗ ಮಕ್ಕಳ ಬಣ್ಣದ ಕುಂಚವನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮುಳ್ಳುಗಳ ಸಂದಿನಲ್ಲಿ ಅಡಗಿದ ಕೀಟಗಳನ್ನು ಒಂದೊಂದಾಗಿ ಸವರಿ ತೆಗೆಯಬಹುದು. ಈ ಕೆಲಸವನ್ನು ಒಲೆ ದೀಪಗಳಿಂದ ದೂರದಲ್ಲಿ, ನೆರಳಿನಲ್ಲಿ ಮಾಡಬೇಕು.

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಮುಳ್ಳು ನಾಟುವುದುಂಟು. ಸಣ್ಣ ಮುಳ್ಳು ನಾಟಿದ ಜಾಗವನ್ನು ಉಜ್ಜಬಾರದು. ಬಾಯಿಂದ ಕಚ್ಚಿ ಎಳೆಯಲೂಬಾರದು. ಕಾಣುವ ಮುಳ್ಳುಗಳನ್ನು ಚಿಮಟದಿಂದ ಕಿತ್ತು, ಉಳಿದವುಗಳ ಮೇಲೆ ಬಿಳಿಯ ಗೋಂದನ್ನು ಸವರಿ ತೆಳುಬಟ್ಟೆಯನ್ನು ಹಾಸಿ, ಒಣಗಿದ ಮೇಲೆ ಸುಲಿದರೆ ಬಹುಪಾಲು ಮುಳ್ಳುಗಳು ಗೋಂದಿನೊಡನೆ ಬರುತ್ತವೆ. ಹಾಲುಗಳ್ಳಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಅದರ ಹಾಲು ಚರ್ಮವನ್ನು ಉರಿಸುತ್ತದೆ. ಕಣ್ಣಿಗೆ ಸಿಡಿದರೆ ತೀವ್ರ ಹಾನಿಯಾಗುತ್ತದೆ. ಹಾಗಾದಲ್ಲಿ ಕೂಡಲೇ ಹೇರಳವಾದ ಶುದ್ಧ ನೀರಿನಿಂದ ಕಣ್ಣನ್ನು ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಮೇಲೆ ಹೇಳಿದ ಸಲಕರಣೆಗಳನ್ನೆಲ್ಲ ಒಂದು ಹಳೆಯ ಡಬ್ಬಿಯಲ್ಲಿ ತುಂಬಿಡಬಹುದು. ಕಾಗದದ ಪಟ್ಟಿ, ಬಿದಿರಿನ ಇಕ್ಕಳ, ಮೊಂಡುಕಡ್ಡಿ, ರಬ್ಬರಿನ ಬಳೆ, ಸವೆದ ಕುಂಚ, ಇವುಗಳಲ್ಲಿ ಯಾವುದಕ್ಕೂ ಬೆಲೆಯಿಲ್ಲ. ಆದರೆ ಇವುಗಳ ಹಿಂದಿರುವ ತಿಳಿವಳಿಕೆಗೆ ಬೆಲೆಯುಂಟು. ಮುಳ್ಳು ಏಕಿದೆ, ಬೇರು ಏಕೆ ಕೊಳೆಯಿತು, ನಾಳ ಎಲ್ಲಿ ಹರಿಯುತ್ತದೆ ಎಂಬುದನ್ನು ಗಮನಿಸಿದವನ ಕೈಯಲ್ಲಿ ಹುಲ್ಲುಕಡ್ಡಿಯೂ ಸಲಕರಣೆಯಾಗುತ್ತದೆ. ಗಮನಿಸದವನ ಕೈಯಲ್ಲಿ ಅತ್ಯುತ್ತಮವಾದ ಸಲಕರಣೆಯೂ ಗಿಡವನ್ನು ಗಾಯಗೊಳಿಸುತ್ತದೆ.